‘ಬಂತೇನ್ರಿ?’ ಎನ್ನುತ್ತಿದ್ದ ಕಾಕಾ

ಕಾಕಾ ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದ್ದು ನಮ್ಮ ಕಂಪನಿ ಬಸ್ಸಿನ ಡ್ರೈವರ್. ಬಸ್ಸು ಬೆಳಿಗ್ಗೆ ಪುಣೆಯ ಮಾರ್ಕೆಟ್ ಯಾರ್ಡಿನಿಂದ ಹೊರಟು, ಹಡಪಸರದಲ್ಲಿ ಅರ್ಧ ತುಂಬಿಕೊಂಡು, ಸೋಲಾಪುರ ರಸ್ತೆ ಹಿಡಿದು ಕುರಕುಂಭದ ನಮ್ಮ ಕೆಮಿಕಲ್ ಕಾರ್ಖಾನೆಗೆ ಹೋಗುತ್ತದೆ. ಕಾಕಾ ಹತ್ತುತ್ತಿದ್ದದ್ದು ಹಡಪಸರದಲ್ಲಿ. ಅವರು ನಿವೃತ್ತರಾಗಿ ವರ್ಷಗಳೇ ಆಗಿದ್ದರೂ ಎರಡನೆಯ ಸಾಲಿನ ಕಿಟಕಿಯ ಜಾಗವನ್ನು ನಾವು ಹಳಬರು ಈಗಲೂ ಕಾಕಾನ ಸೀಟು ಎನ್ನುತ್ತೇವೆ. ಆ ದಿನ ಡ್ರೈವರ್ ಆ ಸೀಟಿನ ಮೇಲೆ ಒಂದು ಸೇವಂತಿಗೆ ಹಾರ ಇಟ್ಟಿದ್ದ. ಯಾರಿಗಪ್ಪಾ ಇದು ಎಂದು ಕೇಳಿದೆ. ಹೇಳಿದ.

ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಕೆಲವೇ ದಿನಗಳ ಹಿಂದೆ ಫೋನು ಮಾಡಿ ಗಂಟೆಗಟ್ಟಲೆ ತಲೆ ತಿಂದಿದ್ದ ಮನುಷ್ಯ, ಕೊನೆಗೆ ಜೀವ ತೆಗೆದ ಎದೆನೋವಿನ ಸುದ್ದಿ ಒಂದು ಮಾತೂ ಎತ್ತಿರಲಿಲ್ಲ. ಅಳು ಬಂದದ್ದು ಬಸ್ಸು ಯವತ್ ಊರು ದಾಟಿದ ಮೇಲೆ. ಪಕ್ಕದಲ್ಲಿ ಕೂತ ಹೊಸ ಹುಡುಗಿ ನೀರಿನ ಬಾಟಲಿ ಕೊಟ್ಟಳು.

ಅವರ ಹೆಸರು ಬರೆಯುವುದಿಲ್ಲ. ಹೆಸರಿನ ಬಗ್ಗೆ ಅವರಿಗೆ ಭಾರಿ ಅಭಿಮಾನ. ತಂದೆಯ ಹೆಸರು, ಅಡ್ಡಹೆಸರು ಸಮೇತ ಪೂರ್ತಿ ಇರದಿದ್ದರೆ ಗೇಟ್ ಪಾಸನ್ನೂ ವಾಪಸ್ ಕಳಿಸುತ್ತಿದ್ದರು. ಪೂರ್ತಿ ಬರೆಯುವುದು ಇಲ್ಲಿ ಸರಿಯಲ್ಲ, ಅರ್ಧ ಬರೆದರೆ ಅವರು ಬಿಡುವವರಲ್ಲ. ಕಾಕಾ ಎಂದೇ ಇರಲಿ. ಕಾರ್ಖಾನೆಯಲ್ಲಿ ಮರಾಠಿಯವರಿಗೂ ಕನ್ನಡದವರಿಗೂ ಅವರು ಕಾಕಾನೇ ಆಗಿದ್ದರು.

ಅವರ ಕೆಲಸ ನೆಟ್‌ವರ್ಕ್ ನೋಡಿಕೊಳ್ಳುವುದು. ಅಂದರೆ ಸ್ವಿಚ್ಚುಗಳನ್ನು. ಗೋಡೆಯ ಮೇಲಿನ ಫ್ಯಾನಿನ ಸ್ವಿಚ್ಚಲ್ಲ. ಚಪ್ಪಟೆಯ ಕಬ್ಬಿಣದ ಪೆಟ್ಟಿಗೆ, ಮುಂದೆ ಸಾಲಾಗಿ ಚೌಕದ ತೂತುಗಳು, ಪ್ರತಿ ತೂತಿನ ಮೇಲೂ ಮಿಣಮಿಣ ಎನ್ನುವ ಹಸಿರು ದೀಪ. ಒಂದೊಂದು ತೂತಿಗೆ ಒಂದೊಂದು ವಾಯರು, ಆ ವಾಯರಿನ ಇನ್ನೊಂದು ತುದಿಯಲ್ಲಿ ಒಂದು ಕಂಪ್ಯೂಟರೋ, ಹೆಬ್ಬೆಟ್ಟು ಒತ್ತುವ ಹಾಜರಿ ಯಂತ್ರವೋ, ಟ್ಯಾಂಕರ್ ತೂಗುವ ಕಾಟಾದ ಯಂತ್ರವೋ ಇರುತ್ತದೆ. ಯಾವ ತೂತಿನವರು ಯಾವ ತೂತಿನವರ ಜೊತೆ ಮಾತಾಡಬಹುದು, ಯಾರು ಯಾರ ಸುದ್ದಿಗೆ ಹೋಗಬಾರದು ಎಂಬುದನ್ನೆಲ್ಲ ಆ ಪೆಟ್ಟಿಗೆಗೆ ಕಲಿಸುವವರು ಕಾಕಾ. ಕಾರ್ಖಾನೆಯಲ್ಲಿ ಅಂಥ ಪೆಟ್ಟಿಗೆಗಳು ಹತ್ತಾರಿದ್ದವು. ಎಲ್ಲದಕ್ಕೂ ಅವರು ಹೊಳೆಗಳ ಹೆಸರಿಟ್ಟಿದ್ದರು. ಅವರ ಊರು ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಕಡೆ, ಭೀಮೆಯ ದಂಡೆಯ ಮೇಲೆ. ಅದಕ್ಕೆ ಸರ್ವರ್ ಕೋಣೆಯ ದೊಡ್ಡ ಪೆಟ್ಟಿಗೆ ಭೀಮಾ. ಲ್ಯಾಬಿನದು ಕೃಷ್ಣಾ, ಕಾಟಾದ್ದು ಘಟಪ್ರಭಾ. ಕ್ಯಾಂಟೀನಿನ ಗೋಡೆಗಿದ್ದ, ಬಾಗಿಲು ಕಿತ್ತುಹೋದ ಸಣ್ಣ ಪೆಟ್ಟಿಗೆಯ ಹೆಸರು ಡೋಣಿ. ಡೋಣಿ ವಿಜಯಪುರದ ಹೊಳೆ. ಬೇಸಿಗೆಯಲ್ಲಿ ಇದೆಯೋ ಇಲ್ಲವೋ ಎನ್ನುವಂತಿದ್ದು, ಮಳೆ ಬಿದ್ದರೆ ಹೊಲಗಳಿಗೆಲ್ಲ ನುಗ್ಗುತ್ತದೆ.

“ಕ್ಯಾಂಟೀನಿಗೆ ಯಾಕ್ರಿ ಕಾಕಾ ಆ ಹೆಸರು?” ಎಂದು ಒಮ್ಮೆ ಕೇಳಿದ್ದೆ.

“ಸಣ್ಣದದ ಅಂತ ಸಸಾರ ಮಾಡಬ್ಯಾಡವ್ವಾ. ಅದು ಒಂದಿನ ಎಲ್ಲಾರ್ನೂ ತೇಲಸ್ತದ.”

ಎಲ್ಲರನ್ನೂ ಅಂದವರು ತಮ್ಮನ್ನು ಅದರಲ್ಲಿ ಸೇರಿಸಿಕೊಂಡಿರಲಿಲ್ಲ.

ನಾನು ಪುಣೆಯಲ್ಲೇ ಹುಟ್ಟಿದವಳು. ನಮ್ಮ ಅಜ್ಜ ವಿಜಯಪುರದಿಂದ ಬಂದು ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಯೊಂದರಲ್ಲಿ ಗುಮಾಸ್ತನಾಗಿ ಸೇರಿದವನು. ಮನೆಯ ಹೊಸ್ತಿಲು ದಾಟಿದರೆ ನಮಗೆ ಮರಾಠಿಯೇ. ಹಾಗಾಗಿ ಕಾರ್ಖಾನೆಯ ಡಿಸ್ಪ್ಯಾಚ್ ವಿಭಾಗಕ್ಕೆ ಸೇರಿದ ಹೊಸದರಲ್ಲಿ, ನನ್ನ ಮೇಜಿನ ಕೆಳಗೆ ತೂರಿಕೊಂಡು ವಾಯರು ಎಳೆಯುತ್ತಿದ್ದ ದಪ್ಪ ಮನುಷ್ಯ ಅಲ್ಲಿಂದಲೇ “ಯವ್ವಾ, ಸೊಂಟ!” ಎಂದಾಗ ನನಗೆ ನಗು ತಡೆಯಲಾಗಲಿಲ್ಲ. ಅವರು ಹೊರಗೆ ಬಂದು, ಮೊಣಕಾಲಿನ ಧೂಳು ಝಾಡಿಸಿ, ಲ್ಯಾಪ್‌ಟಾಪಿನಲ್ಲಿ ಏನೋ ಕುಟ್ಟಿ, ನನ್ನ ಕಂಪ್ಯೂಟರಿನ ಕಡೆ ಬೊಟ್ಟು ಮಾಡಿ ಕೇಳಿದರು:

“ಬಂತೇನ್ರಿ?”

“ಬಂದಿರಬೇಕ್ರಿ,” ಎಂದೆ, ನೋಡದೆ.

“ಬಂದಿರಬೇಕು ಅಂದ್ರ? ಗಂಡ ಮನಿಗೆ ಬಂದಾನೋ ಇಲ್ಲೋ ಅಂತ ಕೇಳಿದ್ರೂ ಹಿಂಗ ಹೇಳ್ತೀರೇನು? ಕಣ್ಣಲೆ ನೋಡ್ರಿ, ಬಾಯಿಲೆ ಹೇಳ್ರಿ.”

ನೋಡಿದೆ. “ಬಂತ್ರಿ,” ಎಂದೆ. ಆಮೇಲೆಯೇ ಅವರು ಸೇವ್ ಮಾಡಿದ್ದು.

ಇದು ಅವರ ಪದ್ಧತಿ. ಆ ಪೆಟ್ಟಿಗೆಗಳ ಸ್ವಭಾವ ಹೇಗೆಂದರೆ, ಆಜ್ಞೆ ಕೊಟ್ಟ ಕೂಡಲೇ ಪಾಲಿಸುತ್ತವೆ. ಆದರೆ ಸೇವ್ ಮಾಡದಿದ್ದರೆ ಕರೆಂಟು ಹೋಗಿ ಬಂದಾಗ ಅದನ್ನು ಮರೆತು ಹಳೆಯದಕ್ಕೇ ಮರಳುತ್ತವೆ. ಉಳಿದ ಇಂಜಿನಿಯರರಿಗೆ ಈ ಮರೆವು ಒಂದು ಕಾಟ. ಕಾಕಾಗೆ ಅದೇ ಆಸರೆ. ಏನು ಬದಲಾಯಿಸಿದರೂ ಸೇವ್ ಮಾಡದೆ ತಡೆದು, ವಾಯರಿನ ಇನ್ನೊಂದು ತುದಿಯಲ್ಲಿ ಕೂತವರಿಗೆ ಫೋನು ಹಚ್ಚುತ್ತಿದ್ದರು. ಕನ್ನಡದವರಿಗೆ “ಬಂತೇನ್ರಿ?” ಮರಾಠಿಯವರಿಗೆ “ಆಲಂ ಕಾ?” ಪರದೆಯ ಮೇಲೆ ಎಲ್ಲ ಸರಿ ಎಂದು ಕಾಣುತ್ತಿದ್ದರೂ ಮನುಷ್ಯರ ಬಾಯಿಂದ ಬಂತು ಎನ್ನುವ ಮಾತು ಹೊರಡಬೇಕು. ಕಾಟಾದವನು ಟ್ಯಾಂಕರಿನವರ ಜೊತೆ ಜಗಳದಲ್ಲಿದ್ದರೆ ಅವನ ಜಗಳ ಮುಗಿಯುವವರೆಗೂ ಕಾಯುತ್ತಿದ್ದರು. “ಯಂತ್ರ ತನಗ ತಾನ ಶಾಬಾಸ್ ಅಂದ್ಕೋತದ. ಉಣ್ಣಾಂವ ಹೇಳಬೇಕು ಅಡಗಿ ಹ್ಯಾಂಗಾಗ್ಯದ ಅಂತ,” ಎನ್ನುವುದು ಅವರ ವಾದ.

ಇಷ್ಟು ಓದಿ ಅವರನ್ನು ವಿನಯವಂತರೆಂದು ತಿಳಿಯಬೇಡಿ. ಅಂಥ ಜಂಬದ ಮನುಷ್ಯನನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಬಸ್ಸಿನಲ್ಲಿ ಯಾರು ಯಾವ ವಿಷಯ ತೆಗೆದರೂ ಅದು ಲೋಣಿ ಬರುವುದರೊಳಗೆ ಅವರ ಸ್ವಿಚ್ಚುಗಳಿಗೆ ಬಂದು ಸೇರುತ್ತಿತ್ತು. “ನನ್ನ ಕೈಲೆ ಈ ನೆಟ್‌ವರ್ಕ್ ಒಮ್ಮಿನೂ ಬಿದ್ದಿಲ್ಲ” ಎಂಬ ಮಾತನ್ನು ಅವರು ಎಷ್ಟು ಸಲ ಹೇಳಿದ್ದರೆಂದರೆ, ಹಿಂದಿನ ಸೀಟಿನವರು ಅವರು ಬಾಯಿ ತೆರೆಯುವ ಮೊದಲೇ ಅದನ್ನು ಮರಾಠಿಯಲ್ಲಿ ಹೇಳಿ ಮುಗಿಸುತ್ತಿದ್ದರು. ನೆಟ್‌ವರ್ಕ್ ಬೀಳುತ್ತಿರಲಿಲ್ಲವೆಂದಲ್ಲ. ಬೀಳುತ್ತಿತ್ತು. ಆದರೆ ಪ್ರತಿ ಸಲವೂ ಅದಕ್ಕೆ ಇಲಿಯೋ, ಕ್ರೇನಿನವನೋ, ವಿದ್ಯುತ್ ಮಂಡಳಿಯೋ ಕಾರಣವಾಗಿರುತ್ತಿತ್ತು. ಒಮ್ಮೆ ಒಂದು ಅಳಿಲು ಕೂಡ.

ಅವರ ಡಬ್ಬಿಯ ಮಾತೂ ಹೇಳಬೇಕು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಕೆನೆಮೊಸರು. ಕೊಡುವಾಗ ಧಾರಾಳ, ಆದರೆ ತಿಂದವರು ಹೊಗಳಲೇಬೇಕು. ಸುಮ್ಮನೆ ತಿಂದರೆ “ಬಂತೇನ್ರಿ ರುಚಿ?” ಎಂದು ಅಲ್ಲೂ ಬಿಡುತ್ತಿರಲಿಲ್ಲ. ಅವರ ಹೆಂಡತಿಯನ್ನು ನಾನು ನೋಡಿದ್ದು ಒಂದೇ ಸಲ, ಆ ಬಡಪಾಯಿ ನನ್ನ ಕೈ ಹಿಡಿದು, “ಬಸ್ಸಿನ್ಯಾಗ ನೀವರೆ ಹ್ಯಾಂಗ ತಡಕೋತೀರಿ?” ಎಂದು ಕೇಳಿದ್ದರು.

ನಿವೃತ್ತಿ ಹತ್ತಿರ ಬಂದ ವರ್ಷ ಕಾರ್ಖಾನೆಯ ಹಿಂದಿನ ಬಯಲಿನಲ್ಲಿ ಹೊಸ ಪ್ಲಾಂಟ್ ಏಳತೊಡಗಿತು. ಕಾಕಾಗೆ ಅದೇ ಹುಚ್ಚು. ಹಳೆಯ ಕಾರ್ಖಾನೆಯಲ್ಲಿ ಅವರು ಬರುವ ಮೊದಲೇ ಯಾರೋ ಹೇಗೋ ಎಳೆದ ವಾಯರುಗಳಿದ್ದವು. ಇದಾದರೆ ಬುನಾದಿಯಿಂದ ತಮ್ಮದೇ. ಯಾವ ಗೋಡೆಗೆ ಯಾವ ಪೆಟ್ಟಿಗೆ, ಒಂದು ದಾರಿ ಕಡಿದರೆ ಇನ್ನೊಂದು ದಾರಿಯಿಂದ ಹೇಗೆ ಸುತ್ತಿ ಬರಬೇಕು ಎಂಬುದನ್ನು ಬಸ್ಸಿನ ಕಿಟಕಿಯ ಹಬೆಯ ಮೇಲೆ ಬೆರಳಿನಿಂದ ಬರೆದು ತೋರಿಸುತ್ತಿದ್ದರು. ಹೆಸರುಗಳನ್ನೂ ಆರಿಸಿಟ್ಟಿದ್ದರು: ಮಲಪ್ರಭಾ, ತುಂಗಾ, ಶರಾವತಿ. “ಇದೊಂದು ಮುಗಿಸಿ ಮನಿಗೆ ಹೋಗ್ತೇನಿ ನೋಡವ್ವಾ,” ಎನ್ನುತ್ತಿದ್ದರು. ಅದಕ್ಕೆ ಅವರಿಗೆ ಎಕ್ಸ್‌ಟೆನ್ಷನ್ ಬೇಕಿತ್ತು. ಮ್ಯಾನೇಜರ್ ಸಾಹೇಬರು ಕೊಡಿಸುವುದಾಗಿ ಬಾಯಿ ಮಾತಿನಲ್ಲಿ ಒಪ್ಪಿದ್ದರು. ಡೋಣಿಗೆ ಪ್ರವಾಹ ಬಂದದ್ದು ಆಗಲೇ.

ಇಲ್ಲಿ ಕಮಲವ್ವನನ್ನು ಕರೆದು ತರಬೇಕು. ಯಾದಗಿರಿಯ ಕಡೆಯವಳು. ಗುತ್ತಿಗೆದಾರನ ಮೂಲಕ ನಮ್ಮ ಕ್ಯಾಂಟೀನಿನಲ್ಲಿ ಕಸ, ನೆಲ, ಪಾತ್ರೆಯ ಕೆಲಸಕ್ಕಿದ್ದಳು. ಎಲ್ಲರಿಗೂ ಕಮಲಾಬಾಯಿ, ಕಾಕಾಗೆ ಮಾತ್ರ ಕಮಲವ್ವ. ಅದಕ್ಕೆ ಮೊದಲು ಗಂಡನ ಜೊತೆ ಪುಣೆಯ ಸುತ್ತ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ಒಂದು ಬಿಲ್ಡಿಂಗ್ ಮುಗಿದರೆ ತಗಡಿನ ಶೆಡ್ಡು ಬಿಚ್ಚಿ ಇನ್ನೊಂದರ ಬುಡಕ್ಕೆ. ಹಾಗೆ ಅಲೆಯುವುದರಲ್ಲಿ ಮಗಳು ಯಾವ ಶಾಲೆಯಲ್ಲೂ ಒಂದು ವರ್ಷ ಪೂರ್ತಿ ಕೂತಿರಲಿಲ್ಲ. ಕ್ಯಾಂಟೀನಿನ ಕೆಲಸ ಸಿಕ್ಕ ಮೇಲೆ ಕುರಕುಂಭದಲ್ಲೊಂದು ಕೋಣೆ, ಮಗಳಿಗೆ ಹತ್ತಿರದಲ್ಲೇ ಶಾಲೆ. “ಈಕಿ ಈ ಸರ್ತಿ ಪರೀಕ್ಷಾ ಬರದ್ಳರಿ, ಅದ ಸಾಲ್ಯಾಗ!” ಎಂದು ನನಗೆ ಪೇಢೆ ಕೊಟ್ಟಿದ್ದಳು. ಅದೇ ಶಾಲೆಯಲ್ಲಿ ಎನ್ನುವುದೇ ಅವಳಿಗೆ ಪಾಸಾದದ್ದಕ್ಕಿಂತ ದೊಡ್ಡ ಸಂಗತಿ.

ಕ್ಯಾಂಟೀನಿನಲ್ಲಿ ಕೂಪನ್ ಕೊಡುವ ಯಂತ್ರವೊಂದಿತ್ತು. ಅದು ಕೆಟ್ಟು ರಿಪೇರಿಗೆ ಹೋಗಿತ್ತು. ಅದರ ವಾಯರಿನ ಒಂದು ತುದಿ ಡೋಣಿಯ ತೂತಿನಲ್ಲೇ ಇದ್ದು, ಇನ್ನೊಂದು ತುದಿ ನೆಲದ ಮೇಲೆ ಬಿದ್ದಿತ್ತು. ಒಂದು ಬೆಳಿಗ್ಗೆ ಕಮಲವ್ವ ನೆಲ ಒರೆಸಲು ಬಂದಳು. ವಾಯರಿನ ತುದಿ ನೀರಿನಲ್ಲಿ ತೊಯ್ಯುತ್ತಿತ್ತು. ಕಾಕಾನ ವಾಯರು ಹಾಳಾದೀತೆಂದು ಅದನ್ನೆತ್ತಿ, ಸೆರಗಿನಿಂದ ಒರೆಸಿ, ಪೆಟ್ಟಿಗೆಯಲ್ಲಿ ಪಕ್ಕದಲ್ಲೇ ಖಾಲಿ ಇದ್ದ ತೂತಿಗೆ ಒತ್ತಿದಳು. ಟಕ್ ಎಂದು ಕೂತಿತು. ಅವಳು ನೆಲ ಒರೆಸಿ ಹೋದಳು.

ಒಂದೇ ವಾಯರಿನ ಎರಡೂ ತುದಿ ಒಂದೇ ಪೆಟ್ಟಿಗೆಗೆ ಹೋದರೆ ಏನಾಗುತ್ತದೆ ಎಂಬುದನ್ನು ಆಮೇಲೆ ಕಾಕಾನೇ ನನಗೆ ತಿಳಿಸಿ ಹೇಳಿದ್ದು. ಒಂದು ತೂತಿನಿಂದ ಹೋದ ಸುದ್ದಿ ಇನ್ನೊಂದರಿಂದ ಒಳಬರುತ್ತದೆ, ಮತ್ತೆ ಹೋಗುತ್ತದೆ, ಮತ್ತೆ ಬರುತ್ತದೆ. ಸುತ್ತು ಸುತ್ತಿಗೂ ಹೆಚ್ಚುತ್ತ ಕೊನೆಗೆ ಕಾರ್ಖಾನೆಯ ಎಲ್ಲ ಪೆಟ್ಟಿಗೆಗಳೂ ಅದೇ ಗದ್ದಲದಲ್ಲಿ ಮುಳುಗಿ ಬೇರೆ ಕೆಲಸ ಬಿಟ್ಟುಬಿಡುತ್ತವೆ. ಅಂದು ಆದದ್ದು ಅದೇ. ಕಾಟಾ ನಿಂತಿತು. ಗೇಟು ನಿಂತಿತು. ಲ್ಯಾಬಿನ ರಿಪೋರ್ಟಿಲ್ಲದೆ ನನ್ನ ಡಿಸ್ಪ್ಯಾಚ್ ನಿಂತಿತು. ಟ್ಯಾಂಕರುಗಳ ಸಾಲು ಹೆದ್ದಾರಿಯ ತನಕ ಬೆಳೆಯಿತು. ಕಾಕಾ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಓಡಾಡಿ, ಒಂದೊಂದೇ ದೊಡ್ಡ ವಾಯರು ಕಿತ್ತು ನೋಡುತ್ತ, ಬೆವರು ಹರಿಸಿಕೊಂಡು ಮಧ್ಯಾಹ್ನದ ಹೊತ್ತಿಗೆ ಕ್ಯಾಂಟೀನಿಗೆ ಬಂದರು. ಡೋಣಿಯ ದೀಪಗಳೆಲ್ಲ ಒಟ್ಟಿಗೆ ಹುಚ್ಚೆದ್ದು ಕುಣಿಯುತ್ತಿದ್ದವು. ಅವರ ಹಿಂದೆ ಸೆಕ್ಯುರಿಟಿಯವರು, ಗುತ್ತಿಗೆದಾರನ ಸೂಪರ್‌ವೈಸರ್, ಕಾಗದದ ಕಟ್ಟು ಹಿಡಿದ ನಾನು.

ಚಹಾದ ಕಿಟ್ಲಿ ಹಿಡಿದು ನಿಂತಿದ್ದ ಕಮಲವ್ವ ಮುಂದೆ ಬಂದಳು. ಶಾಬಾಸ್‌ಗಿರಿ ಸಿಗುತ್ತದೆಂದೇ ಅವಳ ಮುಖ ಅರಳಿತ್ತು.

“ಆ ವಾಯರ್ ನಾನ ಒಳಗ ಹಾಕೇನ್ರಿ ಕಾಕಾ. ನೀರಾಗ ತೊಯ್ತಿತ್ರಿ.”

ಕಾಕಾ ವಾಯರು ಕಿತ್ತರು. ದೀಪಗಳು ತಣ್ಣಗಾದವು. ಆದರೆ ಅವಳ ಮಾತು ಸೂಪರ್‌ವೈಸರನಿಗೆ ಅರ್ಥವಾಗಿತ್ತು. ಅವನು ಸೋಲಾಪುರದವನು, ಕನ್ನಡ ಬರುತ್ತಿತ್ತು. ಚಹಾದ ಹೊತ್ತಿಗೆ ಮ್ಯಾನೇಜರ್ ಸಾಹೇಬರ ತನಕ ಹೋಯಿತು. ಸಂಜೆಗೆ ಕಮಲವ್ವನಿಗೆ ಅಪ್ಪಣೆಯಾಯಿತು: ನಾಳೆ ಬಂದು ಐಡಿ ಕಾರ್ಡು, ಏಪ್ರನ್ನು ಒಪ್ಪಿಸಿ ಹೋಗು.

ಆ ಸಂಜೆ ಬಸ್ಸಿನಲ್ಲಿ ಎಲ್ಲರ ಬಾಯಲ್ಲೂ ಅವಳೇ. ಓದು ಬರಹ ಇಲ್ಲದವರನ್ನು ಒಳಗೆ ಬಿಟ್ಟರೆ ಹೀಗೇ ಎಂದರು. ಕಾಕಾ ಮಾತ್ರ ಕಿಟಕಿಗೆ ಆನಿಕೊಂಡು ಸುಮ್ಮನಿದ್ದರು. ಅವರು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಪಾಟಸ್ ದಾಟಿತು, ಚೌಫುಲಾ ದಾಟಿತು.

“ಯಾಕ್ರಿ ಕಾಕಾ, ಆರಾಮಿಲ್ಲೇನು?”

ಅವರು ದನಿ ತಗ್ಗಿಸಿ ಹೇಳಿದರು. “ತಪ್ಪು ಆಕಿದಲ್ಲವ್ವಾ. ಹಿಂಗ ಎರಡೂ ತುದಿ ಒಂದ ಕಡೆ ಹಾಕಿದ್ರ ಸ್ವಿಚ್ಚಿಗೆ ತಿಳೀತದ. ಒಳಗ ಒಂದು ಕಾವಲ ಇರ್ತದ, ತಾನ ಆ ತೂತು ಮುಚ್ಚಿಬಿಡ್ತದ. ಕೂಪನ್ ಮಷೀನಿನ ತೂತಿಗೆ ಆ ಕಾವಲ ನಾ ತಗದಿದ್ದೆ.”

“ಯಾಕ?”

“ಕಾವಲಿದ್ರ ಮಷೀನ್ ಚಾಲೂ ಆಗೂದು ಸ್ವಲ್ಪ ತಡ ಆಗ್ತಿತ್ತು. ಊಟದ ಪಾಳಿಯೊಳಗ ಮಂದಿ ಒದರ್ಯಾಡ್ತಿದ್ರು. ಅದಕ್ಕ ಬ್ಯಾರೆ ಸರಿಯಾದ ರೀತಿ ಅದ, ಆದ್ರ ಆವತ್ತ ಸಂಜಿ ಆಗಿತ್ತು. ಸದ್ಯಕ್ಕ ತಗದು, ಬಂತೇನ್ರಿ ಅಂದೆ. ಕ್ಯಾಂಟೀನಿನವರು ಬಂತು ಅಂದ್ರು. ಸೇವ್ ಮಾಡಿದೆ. ನಾಳೆ ಬಂದು ಸರಿ ಮಾಡಿದ್ರಾತು ಅಂದ್ಕೊಂಡೆ. ಅಷ್ಟ್ರಾಗ ಬಸ್ಸಿನವ ಹಾರ್ನ್ ಹೊಡದ.”

ಕಂಪನಿ ಬಸ್ಸಿನ ಜನಕ್ಕೆ ಮಾತ್ರ ಇದು ಅರ್ಥವಾದೀತು. ನಮ್ಮ ಬಸ್ಸು ಯಾರಿಗೂ ಕಾಯುವುದಿಲ್ಲ. ತಪ್ಪಿದರೆ ಹೆದ್ದಾರಿಯಲ್ಲಿ ಕೈ ತೋರಿಸುತ್ತ ನಿಲ್ಲಬೇಕು. ಆ ಹಾರ್ನಿಗೆ ನಾವೆಲ್ಲ ಅರ್ಧ ಬರೆದ ವಾಕ್ಯ ಬಿಟ್ಟು ಓಡಿದವರೇ. ಮರುದಿನ ಬೇರೆ ಯಾವುದೋ ಗಡಿಬಿಡಿ ಬಂದು ಕಾಕಾಗೆ ಆ ತೂತು ಮರೆತೇಹೋಗಿತ್ತು.

“ಹಂಗಾರ ಸಾಹೇಬ್ರಿಗೆ ಹೇಳ್ರಿ,” ಎಂದೆ.

ಅವರು ಹೊರಗೆ ನೋಡಿದರು. “ಹೇಳಿದ್ರ ಎಕ್ಸ್‌ಟೆನ್ಷನ್ ಹೋತು. ಹೊಸ ಪ್ಲಾಂಟ್ ಹೋತು. ಈ ಮಾತು ನನ್ನ ಬಿಟ್ಟು ಯಾರಿಗೂ ಗೊತ್ತಿಲ್ಲ.”

“ನನಗ ಈಗ ಗೊತ್ತಾತಲ್ರಿ,” ಎಂದು ಸಿಟ್ಟಿನಿಂದ ಎದ್ದು ಹಿಂದಿನ ಸೀಟಿಗೆ ಹೋಗಿ ಕೂತೆ. ಹಡಪಸರದಲ್ಲಿ ಅವರು ಇಳಿಯುವಾಗ ನನ್ನ ಕಡೆ ನೋಡಿದರು. ನಾನು ಫೋನಿನಲ್ಲಿ ಮುಖ ಹುದುಗಿಸಿದೆ. ಒಳಗೊಳಗೆ ನನಗೆ ಅವರ ಬಗ್ಗೆ ಪಾಪ ಎನಿಸುತ್ತಿತ್ತು. ಜೀವನವಿಡೀ ಬೇರೆಯವರು ಹಾಳುಮಾಡಿದ್ದಕ್ಕೆ ತೇಪೆ ಹಾಕಿದವರು; ಒಂದನ್ನಾದರೂ ಮೊದಲಿನಿಂದ ತಾವೇ ಕಟ್ಟಬೇಕೆಂಬ ಆಸೆ ಅಪರಾಧವಲ್ಲ. ಆದರೆ ಆ ಕಡೆ ಒಂದು ಹುಡುಗಿಯ ಶಾಲೆ ಇತ್ತು.

ಮರುದಿನ ಬೆಳಿಗ್ಗೆ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಬಂದಿದ್ದರು. ಡಬ್ಬಿ ತಂದಿರಲಿಲ್ಲ. ಕ್ಯಾಂಟೀನಿನ ಮೆಟ್ಟಿಲ ಮೇಲೆ ಕಮಲವ್ವ ಗೇಟಿನಲ್ಲೇ ಐಡಿ ಕಾರ್ಡು ಒಪ್ಪಿಸಿ, ಮಡಿಸಿದ ಏಪ್ರನ್ನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕಾಕಾ ಅವಳನ್ನು ದಾಟಿಕೊಂಡು ನೇರ ಮ್ಯಾನೇಜರ್ ಸಾಹೇಬರ ಕ್ಯಾಬಿನ್ನಿಗೆ ಹೋದರು. ನಿನ್ನೆ ನಿಂತ ಟ್ಯಾಂಕರುಗಳ ಕಾಗದಕ್ಕೆ ಸಹಿ ಬೇಕೆಂದು ನಾನು ಮೊದಲೇ ಅಲ್ಲಿ ನಿಂತಿದ್ದೆ. ಸಾಹೇಬರು ನನ್ನನ್ನು ಹೊರಗೆ ಹೋಗು ಎನ್ನಲಿಲ್ಲ.

ಕಾಕಾ ಮರಾಠಿಯಲ್ಲಿ ಶುರುಮಾಡಿದರು. ಶುರು ಮಾಡಿದ್ದೇ ಸ್ವಿಚ್ಚು ಎಂದರೇನು ಎಂಬಲ್ಲಿಂದ. ಸಾಹೇಬರು ಗಡಿಯಾರ ನೋಡಿದರು. ಕಾಕಾ ಕಾವಲಿನ ವಿಷಯಕ್ಕೆ ಬಂದರು, ಅಲ್ಲೇ ಸುತ್ತಿದರು, ಮತ್ತೆ ಹಿಂದೆ ಹೋದರು. ಈ ಮನುಷ್ಯ ಇಲಿಯನ್ನೋ ಅಳಿಲನ್ನೋ ಹಿಡಿದು ತಂದುಬಿಟ್ಟಾನು ಎಂಬ ಭಯ ನನಗೆ.

“ಕಾಕಾ, ವಿಷಯಕ್ಕೆ ಬನ್ನಿ,” ಎಂದರು ಸಾಹೇಬರು.

“ವಿಷಯ ಇಷ್ಟೇ, ಸಾಹೇಬ್. ಆ ತೂತಿನ ಕಾವಲು ತೆಗೆದವನು ನಾನು. ಮತ್ತೆ ಹಾಕಲು ಮರೆತವನೂ ನಾನೇ. ವಾಯರನ್ನು ನೀವು ಹಾಕಿದ್ದರೂ ಹೀಗೇ ಆಗುತ್ತಿತ್ತು. ಕಮಲಾಬಾಯಿ ನನ್ನ ವಾಯರು ತೊಯ್ಯಬಾರದೆಂದು ಹಾಕಿದಳು. ನೆಟ್‌ವರ್ಕ್ ಬಿದ್ದದ್ದು ನನ್ನ ಕೈಯಿಂದ.”

ಮರಾಠಿಯಲ್ಲಿ ಹೇಳಿದರೂ ಆ ಕೊನೆಯ ಮಾತು ನಾವು ಬಸ್ಸಿನಲ್ಲಿ ಗೇಲಿ ಮಾಡುತ್ತಿದ್ದ ಅದೇ ವಾಕ್ಯ, ತಿರುವಿ ಹಾಕಿದ್ದು.

ಸಾಹೇಬರು ಪೆನ್ನು ಕೆಳಗಿಟ್ಟರು. “ಇದನ್ನು ನಿಮ್ಮನ್ನು ಯಾರೂ ಕೇಳಿರಲಿಲ್ಲವಲ್ಲ ಕಾಕಾ?”

“ಇಲ್ಲ ಸಾಹೇಬ್. ಆದರೆ ನಿನ್ನೆ ಊಟ ಸೇರಲಿಲ್ಲ.”

“ಸರಿ. ಅವಳು ಇರಲಿ. ಗುತ್ತಿಗೆದಾರನಿಗೆ ಹೇಳುತ್ತೇನೆ.” ಆಮೇಲೆ ಮೇಜಿನ ಮೇಲಿನ ಕಾಗದ ಸರಿಪಡಿಸುತ್ತ, “ನಿಮ್ಮ ವಿಷಯ ಆಮೇಲೆ ನೋಡೋಣ,” ಎಂದರು. ಆ ಆಮೇಲೆ ಬರುವುದಿಲ್ಲವೆಂದು ಮೂವರಿಗೂ ಗೊತ್ತಾಯಿತು.

ಬೇರೆ ಯಾರಾದರೂ ಅಲ್ಲಿಗೆ ಮನೆಗೆ ಹೋಗುತ್ತಿದ್ದರು. ಕಾಕಾ ನೇರ ಕ್ಯಾಂಟೀನಿಗೆ ಹೋದರು. ನಾನೂ ಹಿಂದೆ ಹೋದೆ.

“ಕಮಲವ್ವಾ, ಗುತ್ತಿಗೆದಾರನ ಮಾತು ಬಂತೇನು?”

“ಇಲ್ರಿ ಕಾಕಾ. ಯಾರೂ ಏನೂ ಹೇಳಿಲ್ರಿ.”

ಅವರು ತಿರುಗಿ ಕ್ಯಾಬಿನ್ನಿಗೆ ಹೋಗಿ ಬಾಗಿಲಲ್ಲಿ ನಿಂತರು. ಸಾಹೇಬರು ಮೀಟಿಂಗಿನಲ್ಲಿದ್ದರು. ಕೈ ಬೀಸಿ ಆಮೇಲೆ ಎಂದರು. ಕಾಕಾ ಕದಲಲಿಲ್ಲ. ಎಕ್ಸ್‌ಟೆನ್ಷನ್ ಕಳೆದುಕೊಂಡ ಮನುಷ್ಯನಿಗೆ ಇನ್ನು ಹೆದರಿಕೆ ಯಾವುದರದು? ಕೊನೆಗೆ ಸಾಹೇಬರು ಬೇಸರದಿಂದ ಅವರೆದುರೇ ಫೋನು ಮಾಡಿದರು. ಸ್ವಲ್ಪ ಹೊತ್ತಿಗೆ ಸೂಪರ್‌ವೈಸರ್ ಮುಖ ಗಂಟಿಕ್ಕಿಕೊಂಡು ಬಂದು ಕಮಲವ್ವನ ತೊಡೆಯ ಮೇಲಿನ ಏಪ್ರನ್ನಿನ ಮೇಲೆ ಐಡಿ ಕಾರ್ಡು ಎಸೆದು, “ಹಾಕ್ಕೊ,” ಎಂದ.

“ಬಂತೇನವ್ವಾ?” ಎಂದರು ಕಾಕಾ.

“ಬಂತ್ರಿ ಕಾಕಾ,” ಎಂದವಳೇ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಆಗ ಅವರು ತಮ್ಮ ಕೋಣೆಗೆ ಹೋದರು. ಆ ಮಧ್ಯಾಹ್ನ ನಾನು ನನ್ನ ಡಬ್ಬಿಯನ್ನು ಅವರ ಜೊತೆ ಹಂಚಿಕೊಂಡೆ. ಉಪ್ಪು ಕಡಿಮೆ ಎಂದರು.

ನಿವೃತ್ತಿಯ ದಿನ ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟರು. ಕಾಕಾ ಮಾತಾಡಲು ಎದ್ದಾಗ ಹಿಂದಿನ ಸಾಲಿನವರು ಎಂದಿನಂತೆ ಆ ವಾಕ್ಯಕ್ಕೆ ಸಜ್ಜಾದರು. ಅವರು ಎದೆಯುಬ್ಬಿಸಿ, “ನನ್ನ ಕೈಯಿಂದ ಈ ನೆಟ್‌ವರ್ಕ್ ಒಂದೇ ಒಂದು ಸಲ ಬಿದ್ದಿದೆ. ಅಂಥಾ ಬೀಳುವಿಕೆ ಈ ಇಡೀ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಮತ್ತೆ ಆಗಲಿಕ್ಕಿಲ್ಲ!” ಎಂದರು. ಅದರಲ್ಲೂ ಜಂಬವೇ. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಕಮಲವ್ವ ಮಾತ್ರ ನಗಲಿಲ್ಲ.

ಹೊಸ ಪ್ಲಾಂಟಿನ ಕೆಲಸ ಪುಣೆಯ ವಿಮಾನ ನಗರದ ಒಂದು ಕಂಪನಿಗೆ ಹೋಯಿತು. ಒಳ್ಳೆಯ ಹುಡುಗರು, ಅಚ್ಚುಕಟ್ಟಾಗಿ ಮಾಡಿದರು. ಹೆಚ್ಚಿನದನ್ನು ಅಲ್ಲಿಂದಲೇ ಕೂತು ಮಾಡುತ್ತಾರೆ. ಕಾಕಾ ಫೋನು ಮಾಡಿದಾಗಲೆಲ್ಲ ಅದರ ಸುದ್ದಿಯೇ. ಒಮ್ಮೆ, “ಸ್ವಿಚ್ಚಿಗೆ ಏನ್ ಹೆಸರಿಟ್ಟಾರವ್ವಾ?” ಎಂದು ಕೇಳಿದರು.

“ಹೆಸರಿಲ್ರಿ ಕಾಕಾ, ನಂಬರ್ ಅದ.”

“ನಂಬರ?” ಎಂದರು. ಆಮೇಲೆ, “ಇರ್ಲಿ. ನಡೀತದಲ್ಲ? ಅಷ್ಟಾದ್ರ ಸಾಕು,” ಎಂದರು. ಶರಾವತಿಯ ಸುದ್ದಿ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅವರು ತೀರಿಕೊಂಡ ಮೇಲೆ ಒಂದು ದಿನ ಕ್ಯಾಂಟೀನಿನ ಹಳೆಯ ಪೆಟ್ಟಿಗೆ ಬದಲಿಸಲು ವಿಮಾನ ನಗರದಿಂದ ಒಬ್ಬ ಇಂಜಿನಿಯರ್ ಬಂದ. ಗುತ್ತಿಗೆ ಕೆಲಸದವರ ಹಾಜರಿ ಯಂತ್ರ ಈಗ ಅದಕ್ಕೇ ಜೋಡಿಸಿದೆ. ನಾನು ಚಹಾಕ್ಕೆಂದು ಹೋಗಿದ್ದೆ. ಡೋಣಿ ಗೋಡೆಯಿಂದ ಇಳಿದು ಮೇಜಿನ ಮೇಲೆ ಅಂಗಾತ ಬಿದ್ದಿತ್ತು. ಅದರ ಖಾಲಿ ತೂತುಗಳಿಗೆಲ್ಲ ಕಮಲವ್ವ ಯಾವಾಗಲೋ ಟೇಪು ಹಚ್ಚಿ ಮುಚ್ಚಿದ್ದಳು. ಇಂಜಿನಿಯರ್ ಹೊಸದನ್ನು ಕೂರಿಸಿ, ವಾಯರು ಹಾಕಿ, ಲ್ಯಾಪ್‌ಟಾಪ್ ನೋಡಿ, “ಹೋ ಗಯಾ ಮೌಶಿ,” ಎಂದು ಎದ್ದ.

ಕಮಲವ್ವ ನಿಲ್ಲು ಎಂದು ಅವನ ಲ್ಯಾಪ್‌ಟಾಪಿಗೆ ಅಡ್ಡ ಕೈ ಹಿಡಿದಳು. “ಥಾಂಬಾ.”

“ಅರೆ, ಸಬ್ ಗ್ರೀನ್ ಹೈ, ಮೌಶಿ.”

“ಸೇವ್ ನಕೋ. ಥಾಂಬಾ,” ಸೇವ್ ಬೇಡ ಎಂದು ಮತ್ತೊಮ್ಮೆ ತಡೆದು, ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ಅಂಗಳದ ಆಚೆ ಗೇಟಿನ ಬಳಿಯ ಹಾಜರಿ ಯಂತ್ರದ ಕಡೆ ನಡೆದಳು. ನಡಿಗೆ ಓಟವಾಯಿತು. ಇಂಜಿನಿಯರ್ ನನ್ನತ್ತ ನೋಡಿ ಹುಬ್ಬೇರಿಸಿದ. ನಾನು ಕಾಯು ಎಂದು ಸನ್ನೆ ಮಾಡಿದೆ. ಬಾಗಿಲಲ್ಲಿ ನಿಂತು ಇಬ್ಬರೂ ನೋಡಿದೆವು. ಅವಳು ಯಂತ್ರದ ಗಾಜಿನ ಮೇಲೆ ತನ್ನ ಹೆಬ್ಬೆಟ್ಟು ಒತ್ತಿದಳು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಹಸಿರು ದೀಪ ಹತ್ತಿತು. ಅವಳ ಹೆಸರು ಪರದೆಯ ಮೇಲೆ ಬಂದಿರಬೇಕು. ಮಗಳು ಈ ವರ್ಷ ಹತ್ತನೆಯ ತರಗತಿ, ಅದೇ ಶಾಲೆಯಲ್ಲಿ.

ಅವಳು ಈ ಕಡೆ ತಿರುಗಿ, ಇಡೀ ಅಂಗಳಕ್ಕೆ ಕೇಳುವಂತೆ ಕನ್ನಡದಲ್ಲೇ ಕೂಗಿದಳು:

“ಬಂತ್ರೀ! ಈಗ ಸೇವ್ ಮಾಡ್ರಿ!”

ಇಂಜಿನಿಯರ್ ಏನಂತೆ ಎಂದು ಕೇಳಿದ. ಬಂತಂತೆ, ಈಗ ಸೇವ್ ಮಾಡಬೇಕಂತೆ ಎಂದೆ. ಅವನು ಕೂತು ಸೇವ್ ಮಾಡಿದ.